ಗಿಗ್ ಕಾರ್ಮಿಕರ ಮನೋವಿಜ್ಞಾನ: ಚಿತ್ರದುರ್ಗ ಸೀಮೆಯ ನೆಲೆಯಿಂದ

ಮೊಬೈಲ್ ಆ್ಯಪ್ ಮೂಲಕ ಬಿಡಿಬಿಡಿಯಾಗಿ ಸಿಗುವ ಕೆಲಸವನ್ನು ಮಾಡಿ, ಮಾಡಿದ ಕೆಲಸಕ್ಕೆ ಮಾತ್ರ ಹಣ ಪಡೆಯುವವರನ್ನು ಗಿಗ್ ಕಾರ್ಮಿಕರು ಎನ್ನುತ್ತಾರೆ. ಊಟ ತಲುಪಿಸುವವರು, ಪಾರ್ಸೆಲ್ ಹಂಚುವವರು, ಕ್ಯಾಬ್ ಮತ್ತು ಆಟೋ ಚಾಲಕರು, ಮನೆಗೆ ಬಂದು ರಿಪೇರಿ ಮಾಡಿಕೊಡುವವರು, ಮನೆಯಲ್ಲೇ ಕುಳಿತು ಫೋನಿಗೆ ವಾಕ್ಯಗಳನ್ನು ಓದಿ ಯಂತ್ರಕ್ಕೆ ಭಾಷೆ ಕಲಿಸುವವರು ಎಲ್ಲರೂ ಈ ಗುಂಪಿಗೆ ಸೇರುತ್ತಾರೆ. ಭಾರತದ ಕಾನೂನಿನಲ್ಲಿ ಈ ಪದಕ್ಕೆ ವ್ಯಾಖ್ಯೆ ಸಿಕ್ಕಿದ್ದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ. 2020–21ರಲ್ಲಿ ದೇಶದಲ್ಲಿ 77 ಲಕ್ಷ ಗಿಗ್ ಕಾರ್ಮಿಕರಿದ್ದರು, 2029–30ರ ಹೊತ್ತಿಗೆ ಅವರು 2.35 ಕೋಟಿ ಆಗಬಹುದು ಎಂದು ನೀತಿ ಆಯೋಗ 2022ರ ವರದಿಯಲ್ಲಿ ಅಂದಾಜು ಮಾಡಿತು.

ಈ ಲೇಖನದ ವಿಷಯ ಅವರ ಸಂಖ್ಯೆಯಲ್ಲ, ಮನಸ್ಸು. ಅದನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಡೆಯಿಂದ ನೋಡುವುದಕ್ಕೆ ಕಾರಣವಿದೆ. ಇದು ಮಳೆಯನ್ನು ನೆಚ್ಚಿ, ಮಳೆ ಕೈಕೊಟ್ಟಾಗ ಗುಳೆ ಹೋಗಿ ಬದುಕಿದ ಸೀಮೆ. ನಾಳೆ ಏನು ಸಿಗುತ್ತದೆಂದು ತಿಳಿಯದೆ ಇವತ್ತು ದುಡಿಯುವುದು ಇಲ್ಲಿಯವರಿಗೆ ಹೊಸದಲ್ಲ. ಅಂಥವರನ್ನೂ ಆ್ಯಪ್ ದುಡಿಮೆ ಬೇರೊಂದು ಬಗೆಯಲ್ಲಿ ಕಾಡುತ್ತದೆ. ಆ ಬೇರೆತನ ಎಲ್ಲಿದೆ ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ.

ಸೀಮೆ ಮತ್ತು ದುಡಿಮೆ

2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 16.6 ಲಕ್ಷ, ಪೇಟೆಗಳಲ್ಲಿ ಇದ್ದವರು ಐವರಲ್ಲಿ ಒಬ್ಬರು ಮಾತ್ರ. ಹೊಳಲ್ಕೆರೆ, ಹೊಸದುರ್ಗದ ಕಡೆ ಅಡಿಕೆ, ತೆಂಗಿನ ತೋಟಗಳಿವೆ. ಉಳಿದಂತೆ ಶೇಂಗಾ, ರಾಗಿ, ಮೆಕ್ಕೆಜೋಳ ಬೆಳೆಯುವ ಮಳೆಯಾಶ್ರಿತ ಹೊಲಗಳೇ ಹೆಚ್ಚು. ಹಿರಿಯೂರಿನ ವಾಣಿವಿಲಾಸ ಸಹಕಾರಿ ಸಕ್ಕರೆ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಆ ಕಡೆ ದೊಡ್ಡ ಸಂಖ್ಯೆಯಲ್ಲಿ ಕೆಲಸ ಕೊಡುವ ಜಾಗ ಇನ್ನೊಂದು ಹುಟ್ಟಲಿಲ್ಲ. ಪುಣೆ–ಬೆಂಗಳೂರು ಹೆದ್ದಾರಿ, ಅಂದರೆ ಈಗಿನ 48ನೇ ರಾಷ್ಟ್ರೀಯ ಹೆದ್ದಾರಿ, ಚಿತ್ರದುರ್ಗ ಮತ್ತು ಹಿರಿಯೂರನ್ನು ಹಾದು ಹೋಗುತ್ತದೆ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿ.ಮೀ. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವ ಮೊದಲೇ ಯಶವಂತಪುರ. ಓದು ಮುಗಿದ, ಅಥವಾ ಅರ್ಧಕ್ಕೆ ನಿಂತ ಹುಡುಗರ ಮೊದಲ ನಿಲ್ದಾಣ ಹಿಂದೆ ಗಾರ್ಮೆಂಟ್ಸ್, ಪೀಣ್ಯದ ಕಾರ್ಖಾನೆ, ಕಟ್ಟಡ ಕೆಲಸ ಆಗಿತ್ತು. ಈಗ ಲೈಸೆನ್ಸ್, ಬೈಕು, ಸ್ಮಾರ್ಟ್‌ಫೋನು ಇದ್ದವನು ಬಂದ ವಾರದಲ್ಲೇ ಆ್ಯಪ್‌ಗೆ ಲಾಗಿನ್ ಆಗಬಹುದು. ಊರಲ್ಲೇ ಉಳಿದವರಿಗೂ ಈ ಕೆಲಸ ತಲುಪಿದೆ. ಆನ್‌ಲೈನ್ ಅಂಗಡಿಗಳ ಪಾರ್ಸೆಲ್ ಬೆನ್ನಿಗೆ ಹೊತ್ತ ಬೈಕುಗಳು ತಾಲ್ಲೂಕು ಕೇಂದ್ರಗಳಿಂದ ಹಳ್ಳಿಗಳಿಗೂ ಹೋಗುತ್ತವೆ.

ತುಂಡುಗೆಲಸ ಇಲ್ಲಿಯ ನೆಲಕ್ಕೆ ಪರಕೀಯವಲ್ಲ. ಎಪಿಎಂಸಿ ಅಂಗಳದ ಹಮಾಲನಿಗೆ ಚೀಲದ ಲೆಕ್ಕ, ಬೀಡಿ ಕಟ್ಟುವವಳಿಗೆ ಸಾವಿರದ ಲೆಕ್ಕ, ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಕಾರನಿಗೆ ಸೀರೆಯ ಲೆಕ್ಕ. ಈ ಜಿಲ್ಲೆಯಲ್ಲಿ ಕೂಲಿಯ ನ್ಯಾಯಕ್ಕೆ ಒಂದು ಮಾತೇ ಇದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಕೆರೆ ಕಟ್ಟಿಸಿದ ಸಂತನೆಂದು ನೆನೆಯುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಗಾದೆಯಂತೆ ಎಲ್ಲರ ಬಾಯಲ್ಲಿದೆ. ಆ್ಯಪ್ ಕಂಪನಿಗಳು ಹೇಳುವುದೂ ಮೇಲುನೋಟಕ್ಕೆ ಅದನ್ನೇ: ಮಾಡಿದಷ್ಟು ಪಡೆ. ಆದರೆ ಯಾವುದು ‘ಮಾಡಿದ್ದು’, ಯಾವುದು ಅಲ್ಲ ಎಂದು ತೀರ್ಮಾನಿಸುವವರು ಯಾರು? ಗಿಗ್ ಕಾರ್ಮಿಕರ ಮನಸ್ಸಿನ ಸಂಕಟಗಳಲ್ಲಿ ಹೆಚ್ಚಿನವು ಈ ಒಂದು ಪ್ರಶ್ನೆಯ ಸುತ್ತ ಇವೆ.

ಕಾಯುವ ಹೊತ್ತು

ಹೊರಗಿನಿಂದ ನೋಡುವವರಿಗೆ ಈ ಕೆಲಸದಲ್ಲಿ ಓಟ ಕಾಣುತ್ತದೆ. ಮಾಡುವವರಿಗೆ ಅದು ಅಷ್ಟೇ ಪಾಲು ಕಾಯುವುದು. ಹೋಟೆಲಿನ ಮುಂದೆ, ಮರದ ನೆರಳಲ್ಲಿ, ಬೈಕಿನ ಮೇಲೆ ಒರಗಿ ಕುಳಿತವನು ವಿಶ್ರಾಂತಿಯಲ್ಲಿಲ್ಲ. ಅವನ ಕಣ್ಣು, ಕಿವಿ ಫೋನಿನಲ್ಲಿವೆ. ಆರ್ಡರ್ ಬಂದರೆ ಒಪ್ಪಿಕೊಳ್ಳಲು ಕೆಲವೇ ಸೆಕೆಂಡು. ಅಷ್ಟರಲ್ಲಿ ದೂರ, ಹಣ, ಪೆಟ್ರೋಲ್, ಸಿಗ್ನಲ್, ಮಳೆ ಮೋಡ ಎಲ್ಲವನ್ನೂ ತೂಗಬೇಕು. ಈ ಕಾಯುವಿಕೆಗೆ ಮನಸ್ಸು ಸವೆಯುತ್ತದೆ, ಹಣ ಹುಟ್ಟುವುದಿಲ್ಲ.

ಅಮೆರಿಕದ ಮನೋವಿಜ್ಞಾನಿಗಳಾದ ಚಾರ್ಲ್ಸ್ ಫರ್ಸ್ಟರ್ ಮತ್ತು ಬಿ.ಎಫ್. ಸ್ಕಿನ್ನರ್ 1957ರಲ್ಲಿ ಪ್ರಕಟಿಸಿದ ಪ್ರಯೋಗಗಳನ್ನು ಇಲ್ಲಿ ಎಲ್ಲರೂ ನೆನೆಯುತ್ತಾರೆ. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆಂದು ಗೊತ್ತಿರುವ ಪಾರಿವಾಳ ಕಾಳು ಸಿಕ್ಕ ಮೇಲೆ ಸ್ವಲ್ಪ ಸುಧಾರಿಸಿಕೊಳ್ಳುತ್ತದೆ. ಗೊತ್ತಿಲ್ಲದ ಪಾರಿವಾಳ ನಿಲ್ಲಿಸದೆ ಕುಕ್ಕುತ್ತದೆ. ಜೂಜಿನ ಯಂತ್ರ ಮನುಷ್ಯನನ್ನು ಹಿಡಿದಿಡುವುದು ಇದೇ ತತ್ತ್ವದ ಮೇಲೆ. ಇನ್ನೇನು ಒಳ್ಳೆಯ ಆರ್ಡರ್ ಬಂದೀತು ಎಂದು ಲಾಗಿನ್‌ನಲ್ಲೇ ಉಳಿಯುವ ಮನಸ್ಸನ್ನು ಇದು ಸ್ವಲ್ಪ ಮಟ್ಟಿಗೆ ವಿವರಿಸುತ್ತದೆ. ಪೂರ್ತಿ ವಿವರಿಸುವುದಿಲ್ಲ. ಬೈಕಿನ ಕಂತು, ಊರಿಗೆ ಕಳಿಸಬೇಕಾದ ಹಣ, ರೂಮಿನ ಬಾಡಿಗೆ ಇರುವವನು ಆಟದ ಚಟಕ್ಕೆ ಬಿದ್ದು ಕಾಯುತ್ತಿಲ್ಲ. ಅವನ ಕಾಯುವಿಕೆಗೆ ಅವನದೇ ತರ್ಕವಿದೆ. ಅದನ್ನು ಪಾರಿವಾಳದ ಮಟ್ಟಕ್ಕೆ ಇಳಿಸಿ ನೋಡುವ ಬರಹಗಳು ಅವನಿಗೆ ಅನ್ಯಾಯ ಮಾಡುತ್ತವೆ.

ನಮ್ಮ ಭಾಷೆಯೇ ಇನ್ನೊಂದು ದಾರಿ ತೋರಿಸುತ್ತದೆ. ‘ಇವತ್ತು ಆರ್ಡರೇ ಬೀಳ್ತಿಲ್ಲ’ ಎನ್ನುತ್ತಾರೆ ಡೆಲಿವರಿ ಹುಡುಗರು. ಆಟೋದವರು ‘ಒಳ್ಳೆ ಬಾಡಿಗೆ ಬಿತ್ತು’ ಎನ್ನುತ್ತಾರೆ. ಕನ್ನಡದಲ್ಲಿ ಮಳೆಯೂ ಬೀಳುತ್ತದೆ, ಆರ್ಡರೂ ಬೀಳುತ್ತದೆ. ಎರಡೂ ಮೇಲಿನಿಂದ ಬರುವಂಥವು, ಕೆಳಗಿನವನು ಕತ್ತೆತ್ತಿ ಕಾಯುವಂಥವು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಪೂರ್ಣವಾಯಿತು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳುವುದನ್ನು ಜನ ನೋಡಿದ್ದು 2022ರಲ್ಲಿ, 89 ವರ್ಷಗಳ ನಂತರ. ಇಷ್ಟು ದೀರ್ಘವಾಗಿ ಕಾಯಲು ಬಲ್ಲ ಸೀಮೆಯ ಮಕ್ಕಳು ಅರ್ಧ ಗಂಟೆ ಆರ್ಡರ್ ಬೀಳದಿದ್ದರೆ ಏಕೆ ಚಡಪಡಿಸುತ್ತಾರೆ?

ಉತ್ತರ ಕಾಯುವ ಅವಧಿಯಲ್ಲಿ ಇಲ್ಲ. ಮಳೆ ಬೀಳದಿದ್ದರೆ ಅದನ್ನು ತಡೆದವರು ಯಾರೂ ಇಲ್ಲ. ನನ್ನ ಹೊಲಕ್ಕೆ ಬೀಳದೆ ಪಕ್ಕದವನ ಹೊಲಕ್ಕೆ ಬಿದ್ದರೂ ಮೋಡಕ್ಕೆ ನನ್ನ ಮೇಲೆ ಸಿಟ್ಟಿಲ್ಲವೆಂದು ನನಗೆ ಗೊತ್ತು. ಆರ್ಡರ್ ಹಾಗಲ್ಲ. ಅದನ್ನು ಯಾರಿಗೆ ಕೊಡಬೇಕೆಂದು ಯಾರೋ ಬರೆದ ನಿಯಮವಿದೆ. ಪಕ್ಕದ ಬೈಕಿನವನಿಗೆ ಎರಡು ಬಿದ್ದು ನನಗೆ ಒಂದೂ ಬೀಳಲಿಲ್ಲವೆಂದರೆ ಅದು ತೀರ್ಮಾನವೇ ಹೊರತು ಆಕಸ್ಮಿಕವಲ್ಲ. ನಿನ್ನೆ ಒಂದು ಆರ್ಡರ್ ಬಿಟ್ಟೆನಲ್ಲ, ಅದಕ್ಕೇ ಇರಬಹುದೇ? ರೇಟಿಂಗ್ ಇಳಿಯಿತೇ? ತಪ್ಪು ನನ್ನದೇ? ರೈತನ ಅನಿಶ್ಚಿತತೆ ಬೆವರನ್ನೂ ಬೀಜವನ್ನೂ ತಿನ್ನುತ್ತದೆ. ಗಿಗ್ ಕಾರ್ಮಿಕನ ಅನಿಶ್ಚಿತತೆ ಅದರ ಜೊತೆಗೆ ಅವನ ಆತ್ಮವಿಶ್ವಾಸವನ್ನೂ ತಿನ್ನುತ್ತದೆ. ಈ ಲೇಖನದ ಮಟ್ಟಿಗೆ ಗಿಗ್ ಮನೋವಿಜ್ಞಾನದ ತಿರುಳು ಇದು.

ಹಣದ ಚಿಂತೆ ಯೋಚನಾಶಕ್ತಿಯನ್ನೇ ಹಿಂಡುತ್ತದೆ ಎಂಬುದಕ್ಕೆ ನೆರೆಯ ತಮಿಳುನಾಡಿನಲ್ಲಿ ನಡೆದ ಒಂದು ಅಧ್ಯಯನ ಸಾಕ್ಷಿ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ದಾರ್ ಶಫೀರ್, ಜಿಯಾಯಿಂಗ್ ಝಾವ್ 2013ರಲ್ಲಿ ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳ 464 ಕಬ್ಬು ಬೆಳೆಗಾರರ ಬಗ್ಗೆ ಬರೆದರು. ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ, ಬುದ್ಧಿಯನ್ನು ಅಳೆಯುವ ಪರೀಕ್ಷೆಗಳಲ್ಲಿ ಅವರು ಹಿಂದುಳಿದರು. ಕಟಾವಿನ ನಂತರ ಅದೇ ರೈತರು ಚೆನ್ನಾಗಿ ಮಾಡಿದರು. ಬದಲಾದದ್ದು ಅವರ ಬುದ್ಧಿಯಲ್ಲ, ತಲೆಯ ಮೇಲಿನ ಹಣದ ಚಿಂತೆ. ರೈತನಿಗೆ ಈ ಬಿಗಿತ ಹಂಗಾಮಿಗೊಮ್ಮೆ ಸಡಿಲುತ್ತದೆ. ದಿನದ ಗಳಿಕೆಯನ್ನು ದಿನವೂ ಮೊದಲಿನಿಂದ ಕಟ್ಟಬೇಕಾದ ಡೆಲಿವರಿಯವನಿಗೆ ಸುಗ್ಗಿ ಎಂಬುದೇ ಇಲ್ಲ.

ಕಾಣದ ಮೇಸ್ತ್ರಿ

ಕಟ್ಟಡ ಕೆಲಸದಲ್ಲಿ ಮೇಸ್ತ್ರಿ ಬೈಯುತ್ತಾನೆ, ಕೂಲಿ ಹಿಡಿದುಕೊಳ್ಳುತ್ತಾನೆ. ಆದರೆ ಅವನಿಗೆ ಮುಖವಿದೆ, ಊರಿದೆ, ಅವನ ಹೆಂಡತಿಗೆ ಹೇಳಿ ಬುದ್ಧಿ ಕಲಿಸಬಹುದು. ಆ್ಯಪ್‌ನಲ್ಲಿ ಕೆಲಸ ಹಂಚುವುದು, ದರ ಇಡುವುದು, ಅಳೆಯುವುದು, ಶಿಕ್ಷಿಸುವುದು ಎಲ್ಲವೂ ಲೆಕ್ಕಾಚಾರದ ಸೂತ್ರಕ್ಕೆ, ಅಂದರೆ ಅಲ್ಗಾರಿದಮ್‌ಗೆ ಸೇರಿದ್ದು. ಮಿನ್ ಕ್ಯುಂಗ್ ಲೀ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅವರ ಸಂಗಡಿಗರು 2015ರ ಪ್ರಬಂಧದಲ್ಲಿ ಇದನ್ನು ಅಲ್ಗಾರಿದಮ್ ನಿರ್ವಹಣೆ ಎಂದು ಕರೆದು, ಕ್ಯಾಬ್ ಚಾಲಕರ ಮೇಲೆ ಅದರ ಪರಿಣಾಮವನ್ನು ವಿವರಿಸಿದರು. ನಿಯಮ ತಿಳಿಯದಿದ್ದಾಗ ಜನ ನಿಯಮವನ್ನು ಊಹಿಸಿಕೊಳ್ಳುತ್ತಾರೆ. ಫೋನ್ ಆಫ್ ಮಾಡಿ ಆನ್ ಮಾಡಿದರೆ ಆರ್ಡರ್ ಬೀಳುತ್ತದೆ, ಆ ಹೋಟೆಲಿನ ಎಡಗಡೆ ನಿಂತರೆ ಬೇಗ ಬೀಳುತ್ತದೆ, ಹೊಸ ಐಡಿಗೆ ಮೊದಲ ವಾರ ಹೆಚ್ಚು ಕೊಡುತ್ತಾರೆ ಎಂಬಂಥ ನಂಬಿಕೆಗಳು ಒಬ್ಬರಿಂದ ಒಬ್ಬರಿಗೆ ಹಬ್ಬುತ್ತವೆ. ಮಳೆ ಬಾರದಾಗ ಕಪ್ಪೆಗೆ, ಕತ್ತೆಗೆ ಮದುವೆ ಮಾಡಿಸುವ ಹಳ್ಳಿಗರನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಮಾಹಿತಿ ಇಲ್ಲದ ಜಾಗದಲ್ಲಿ ಏನಾದರೂ ಮಾಡಬೇಕೆಂಬ ಮನುಷ್ಯನ ಹಟ ಅದು. ಕೈಚೆಲ್ಲಿ ಕೂರುವುದಕ್ಕಿಂತ ಆರೋಗ್ಯಕರ.

ಸ್ವೀಡನ್ ಮತ್ತು ಅಮೆರಿಕದ ಕಾರ್ಮಿಕರ ಮಾಹಿತಿ ಇಟ್ಟುಕೊಂಡು ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ ಮನಸ್ಸನ್ನು ಕೆಡಿಸುವುದು ಕೆಲಸದ ಭಾರ ಮಾತ್ರವಲ್ಲ, ಭಾರ ಹೆಚ್ಚಿದ್ದು ಹತೋಟಿ ಕಡಿಮೆ ಇರುವ ಸ್ಥಿತಿ. ಜರ್ಮನಿಯ ಯೋಹಾನೆಸ್ ಸೀಗ್ರಿಸ್ಟ್ 1996ರಲ್ಲಿ ಇದಕ್ಕೆ ಇನ್ನೊಂದನ್ನು ಸೇರಿಸಿದರು: ಹಾಕಿದ ಶ್ರಮಕ್ಕೂ ಸಿಕ್ಕ ಪ್ರತಿಫಲಕ್ಕೂ ತಾಳೆಯಾಗದಿದ್ದರೆ ಹೃದಯವೂ ಕೆಡುತ್ತದೆ. ಪ್ರತಿಫಲವೆಂದರೆ ಅವರ ಲೆಕ್ಕದಲ್ಲಿ ಹಣದ ಜೊತೆ ಗೌರವ ಮತ್ತು ಭದ್ರತೆ ಕೂಡ. ಆ್ಯಪ್ ದುಡಿಮೆಯನ್ನು ಈ ಎರಡು ತಕ್ಕಡಿಗಳಲ್ಲಿ ಇಟ್ಟರೆ ಎರಡರಲ್ಲೂ ತೂಕ ತಪ್ಪುತ್ತದೆ.

ಎಲ್ಲಕ್ಕಿಂತ ದೊಡ್ಡ ಭಯ ‘ಐಡಿ ಬ್ಲಾಕ್’. ಬೆಳಗ್ಗೆ ಎದ್ದು ಲಾಗಿನ್ ಆಗಲು ಹೋದರೆ ಬಾಗಿಲು ಮುಚ್ಚಿರುತ್ತದೆ. ಯಾಕೆಂದು ಕೇಳಲು ಆಫೀಸಿಲ್ಲ. ಇದ್ದರೆ ಬೆಂಗಳೂರಲ್ಲಿ, ಹೊಳಲ್ಕೆರೆಯಿಂದ ಹೋಗಿಬರಲು ಒಂದು ದಿನ, ಒಂದು ದಿನದ ದುಡಿಮೆ. ಆ್ಯಪ್‌ನ ಚಾಟ್ ಕಿಟಕಿಯಲ್ಲಿ ಸಿದ್ಧ ಉತ್ತರಗಳು ಒಂದರ ಹಿಂದೊಂದು ಬರುತ್ತವೆ. ಕೆಲಸ ಹೋದದ್ದಕ್ಕಿಂತ, ಏಕೆ ಹೋಯಿತೆಂದು ತಿಳಿಯದಿರುವುದು ಹೆಚ್ಚು ಕೊರೆಯುತ್ತದೆ. ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗದಿಂದ ‘ಕಲಿತ ಅಸಹಾಯಕತೆ’ ಎಂಬ ಮಾತು ಹುಟ್ಟಿತು: ಏನು ಮಾಡಿದರೂ ನೋವು ತಪ್ಪದೆಂದು ಕಂಡ ಪ್ರಾಣಿ ತಪ್ಪಿಸಿಕೊಳ್ಳುವ ಅವಕಾಶ ಇದ್ದಾಗಲೂ ಸುಮ್ಮನಿರುತ್ತದೆ. ಅವರಿಬ್ಬರೇ 2016ರಲ್ಲಿ ತಮ್ಮ ಸಿದ್ಧಾಂತವನ್ನು ತಿರುಗಿಸಿದರು. ದೀರ್ಘ ನೋವಿನಲ್ಲಿ ಸುಮ್ಮನಾಗುವುದು ಮಿದುಳಿನ ಸಹಜ ಸ್ಥಿತಿ. ನನ್ನ ಕೈಯಲ್ಲಿ ಏನೋ ಇದೆ ಎಂಬುದನ್ನೇ ಅದು ಕಲಿಯಬೇಕಾಗುತ್ತದೆ. ಈ ತಿದ್ದುಪಡಿ ಗಿಗ್ ಕಾರ್ಮಿಕರಿಗೆ ಬಹಳ ಮುಖ್ಯ. ದೂರಿಗೆ ಒಂದೇ ಒಂದು ಸಲ ಸರಿಯಾದ ಉತ್ತರ ಬಂದರೂ ಮನಸ್ಸು ಆ ಕಲಿಕೆಯನ್ನು ಶುರುಮಾಡುತ್ತದೆ.

ದಿನದ ಲೆಕ್ಕ, ‘ಸಾಕು’ ಎಂಬ ಮಾತು

ಕಾಲಿನ್ ಕ್ಯಾಮರರ್, ಲಿಂಡಾ ಬ್ಯಾಬ್‌ಕಾಕ್, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ರಿಚರ್ಡ್ ಥೇಲರ್ 1997ರಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿ ಚಾಲಕರ ಬಗ್ಗೆ ಬರೆದ ಪ್ರಬಂಧ ಪ್ರಸಿದ್ಧ. ಚಾಲಕರು ದಿನಕ್ಕಿಷ್ಟು ಎಂದು ಗುರಿ ಇಟ್ಟುಕೊಂಡು, ಅದು ಮುಟ್ಟಿದರೆ ಮನೆಗೆ ಹೋಗುತ್ತಾರೆ. ಆದ್ದರಿಂದ ಬಾಡಿಗೆ ಚೆನ್ನಾಗಿ ಬೀಳುವ ದಿನ ಕಡಿಮೆ ಹೊತ್ತು, ಬೀಳದ ದಿನ ಹೆಚ್ಚು ಹೊತ್ತು ದುಡಿಯುತ್ತಾರೆ ಎಂಬುದು ಅದರ ಸಾರ. ಹೆನ್ರಿ ಫಾರ್ಬರ್ ಎಂಬ ಅರ್ಥಶಾಸ್ತ್ರಜ್ಞ ಇದನ್ನು ಒಪ್ಪಲಿಲ್ಲ, ವಾದ ಇನ್ನೂ ಮುಗಿದಿಲ್ಲ. ಆದರೆ ನಮ್ಮ ಕಡೆ ಆಟೋ ಸ್ಟ್ಯಾಂಡಿನಲ್ಲಿ ಕುಳಿತು ಕೇಳಿದರೆ ದಿನದ ಗುರಿ ಇಲ್ಲದ ಚಾಲಕ ಸಿಗುವುದು ಕಷ್ಟ. ಗ್ಯಾಸಿಗಿಷ್ಟು, ಕಂತಿಗಿಷ್ಟು, ಮನೆಗಿಷ್ಟು ಎಂಬ ಲೆಕ್ಕ ಬಾಯಲ್ಲೇ ಇರುತ್ತದೆ.

ಅರ್ಥಶಾಸ್ತ್ರ ಈ ಗುರಿಯನ್ನು ತಪ್ಪು ಲೆಕ್ಕವೆನ್ನಬಹುದು. ಕನ್ನಡ ಪರಂಪರೆ ಹಾಗೆನ್ನುವುದಿಲ್ಲ. ಅಂದಂದಿನ ಕಾಯಕಕ್ಕೆ ಬೇಕಾದಷ್ಟೇ ಅಕ್ಕಿ ಸಾಕೆಂದು, ಹೆಚ್ಚು ತಂದ ಗಂಡನನ್ನು ಹಿಂದಕ್ಕೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕತೆ ಶರಣರ ಮಠಗಳಿರುವ ಈ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ‘ಸಾಕು’ ಎಂದು ಹೇಳಬಲ್ಲ ಶಕ್ತಿ ಮನಸ್ಸಿನ ಆರೋಗ್ಯದ ಒಂದು ಗುರುತು. ಆ್ಯಪ್‌ಗಳ ವಿನ್ಯಾಸ ಕೈಹಾಕುವುದು ಸರಿಯಾಗಿ ಇಲ್ಲಿಗೆ. ಲಾಗ್‌ಔಟ್ ಆಗಲು ಹೊರಟ ಚಾಲಕನಿಗೆ, ಇನ್ನಿಷ್ಟು ಗಳಿಸಿದರೆ ಗುರಿ ಮುಟ್ಟುತ್ತೀರಿ ಎಂಬ ಸಂದೇಶ ಕಳಿಸುವ ಊಬರ್‌ನ ತಂತ್ರವನ್ನು ನ್ಯೂಯಾರ್ಕ್ ಟೈಮ್ಸ್ 2017ರಲ್ಲಿ ವಿವರವಾಗಿ ಬರೆಯಿತು. ಇಲ್ಲಿಯ ಇನ್ಸೆಂಟಿವ್ ಪಟ್ಟಿಗಳ ಕೆಲಸವೂ ಅದೇ. ಇಷ್ಟು ಆರ್ಡರ್‌ಗೆ ಇಷ್ಟು ಹೆಚ್ಚುವರಿ ಎಂದಿರುತ್ತದೆ. ಕೊನೆಯ ಎರಡು ಬಾಕಿ ಇದ್ದಾಗ ಹೊಟ್ಟೆ ಹಸಿದರೂ, ಮಳೆ ಹೊಡೆದರೂ ಬಿಡಲಾಗುವುದಿಲ್ಲ. ಗುರಿ ಅವನದಲ್ಲ, ಪರದೆಯದು.

ಬೆಂಗಳೂರಿನಲ್ಲಿ ಇದರ ಕಹಿ ನೆನಪು ಒಂದಿದೆ. ಕ್ಯಾಬ್ ಆ್ಯಪ್‌ಗಳು ಬಂದ ಮೊದಲ ವರ್ಷಗಳಲ್ಲಿ ಇನ್ಸೆಂಟಿವ್ ಧಾರಾಳವಾಗಿತ್ತು. ಅದನ್ನು ನಂಬಿ ಊರಿನ ಹೊಲದ ಮೇಲೆ, ಒಡವೆಯ ಮೇಲೆ ಸಾಲ ಎತ್ತಿ ಕಾರು ಕೊಂಡವರು ಅನೇಕರು. ಇನ್ಸೆಂಟಿವ್ ಇಳಿಯಿತು, ಕಂತು ಇಳಿಯಲಿಲ್ಲ. 2017ರ ಫೆಬ್ರವರಿಯಲ್ಲಿ ಚಾಲಕರು ಬೆಂಗಳೂರಲ್ಲಿ ಕಾರು ನಿಲ್ಲಿಸಿ ಮುಷ್ಕರಕ್ಕೆ ಕೂತರು.

ಎಷ್ಟು ಹೊತ್ತು ದುಡಿಯುತ್ತಾರೆ ಎಂಬುದಕ್ಕೆ 2024ರಲ್ಲಿ ಹೊರಬಂದ ‘ಪ್ರಿಸನರ್ಸ್ ಆನ್ ವೀಲ್ಸ್’ ಎಂಬ ಸಮೀಕ್ಷೆ ಉತ್ತರ ಕೊಡುತ್ತದೆ. ಬೆಂಗಳೂರು ಸೇರಿ ಎಂಟು ನಗರಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಚಾಲಕರನ್ನೂ ಡೆಲಿವರಿಯವರನ್ನೂ ಮಾತಾಡಿಸಿ ಮಾಡಿದ್ದು ಇದು. ಕ್ಯಾಬ್ ಚಾಲಕರಲ್ಲಿ ಶೇ 83 ಮಂದಿ ದಿನಕ್ಕೆ 10 ಗಂಟೆಗಿಂತ ಹೆಚ್ಚು ದುಡಿಯುವುದಾಗಿ ಹೇಳಿದರು. ವಾರಕ್ಕೊಂದು ರಜೆಯನ್ನೂ ತೆಗೆದುಕೊಳ್ಳಲಾಗದವರು ಚಾಲಕರಲ್ಲಿ ಶೇ 41, ಡೆಲಿವರಿಯವರಲ್ಲಿ ಶೇ 48. ಹೆಚ್ಚುಕಡಿಮೆ ಎಲ್ಲರೂ ಮಾನಸಿಕ ಒತ್ತಡದ ಬಗ್ಗೆ ಹೇಳಿಕೊಂಡರು. ಇದನ್ನು ವೈದ್ಯಕೀಯ ತಪಾಸಣೆಯ ಲೆಕ್ಕವೆಂದು ಓದಬಾರದು; ಕಾರ್ಮಿಕ ಸಂಘಟನೆಗಳ ಜೊತೆಗೂಡಿ ನಡೆದ ಸಮೀಕ್ಷೆಯಲ್ಲಿ ನೊಂದವರ ದನಿ ಜೋರಾಗಿರುವುದು ಸಹಜ. ಗಂಟೆಗಳ ಲೆಕ್ಕವೊಂದೇ ಸಾಕು, ದೇಹ–ಮನಸ್ಸುಗಳ ಸ್ಥಿತಿ ಏನೆಂದು ತಿಳಿಯಲು.

‘ಹುಡುಗ ಏನು ಮಾಡುತ್ತಾನೆ?’

ಮನಸ್ಸಿನ ಒಂದು ದೊಡ್ಡ ಪಾಲು ಬೇರೆಯವರ ಕಣ್ಣಲ್ಲಿ ಇರುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಡೆಲಿವರಿಯವನಿಗೆ ಹೆಸರಿಲ್ಲ, ಕೆಲವು ಕಡೆ ಲಿಫ್ಟೂ ಇಲ್ಲ. ಅವಮಾನವಾದರೂ ನೋಡಿದವರು ಗುರುತಿನವರಲ್ಲ. ಚಿತ್ರದುರ್ಗದಂಥ ಊರಿನಲ್ಲಿ ಪರಿಸ್ಥಿತಿ ತಿರುವುಮುರುವಾಗುತ್ತದೆ. ಬಾಗಿಲು ತೆರೆದವರು ಹೈಸ್ಕೂಲಿನ ಮೇಷ್ಟ್ರಾಗಿರಬಹುದು, ಹೆಣ್ಣು ಕೇಳಲು ಹೋಗಿದ್ದ ಮನೆಯವರಾಗಿರಬಹುದು. ‘ಡಿಗ್ರಿ ಮಾಡಿ ಇದೇನಪ್ಪಾ?’ ಎಂಬ ಒಂದು ಮಾತು ದಿನವಿಡೀ ಬೆನ್ನ ಮೇಲಿನ ಚೀಲಕ್ಕಿಂತ ಭಾರವಾಗುತ್ತದೆ. ಹಾಗೆಂದೇ ಕೆಲವರು ಊರಲ್ಲೇ ಕೆಲಸ ಸಿಕ್ಕರೂ ಬೆಂಗಳೂರಿಗೆ ಹೋಗಿ ಅದೇ ಕೆಲಸ ಮಾಡುತ್ತಾರೆ. ಅಪರಿಚಿತತೆ ಅವರಿಗೆ ಒಂದು ಆಶ್ರಯ.

ಮದುವೆ ಮಾತುಕತೆಯಲ್ಲಿ ಈ ಕೆಲಸಕ್ಕೆ ಹೆಸರು ಹುಡುಕುವುದೇ ಕಷ್ಟ. ‘ಬೆಂಗಳೂರಲ್ಲಿ ಕಂಪನಿ ಕೆಲಸ’ ಎನ್ನುತ್ತಾರೆ ಮನೆಯವರು. ಕಂಪನಿ ಅವನನ್ನು ನೌಕರ ಎನ್ನುವುದಿಲ್ಲ, ಪಾರ್ಟ್‌ನರ್ ಎನ್ನುತ್ತದೆ. ಸ್ವಂತ ದಂಧೆಯೂ ಅಲ್ಲ, ನೌಕರಿಯೂ ಅಲ್ಲ. ದುಡಿಮೆಯ ಹೆಸರೇ ಮನುಷ್ಯನ ಗುರುತಾಗಿರುವ ಸಮಾಜದಲ್ಲಿ ಹೆಸರಿಲ್ಲದ ದುಡಿಮೆ ತನ್ನ ಬಗ್ಗೆ ತಾನು ಹೇಳಿಕೊಳ್ಳುವ ಕತೆಯನ್ನೇ ತುಂಡು ಮಾಡುತ್ತದೆ. ಜನಪಿಯೆರೊ ಪೆಟ್ರಿಲಿಯೆರಿ, ಸೂಸನ್ ಆ್ಯಶ್‌ಫರ್ಡ್ ಮತ್ತು ಏಮಿ ರೆಸ್ನೆಸ್ಕಿ 2019ರಲ್ಲಿ ಸ್ವತಂತ್ರವಾಗಿ ದುಡಿಯುವ ವೃತ್ತಿಪರರನ್ನು ಅಧ್ಯಯನ ಮಾಡಿದಾಗ ಕಂಡದ್ದು: ಸಂಸ್ಥೆಯ ಆಸರೆ ಇಲ್ಲದವರು ತಮಗೆ ತಾವೇ ಆಸರೆ ಕಟ್ಟಿಕೊಳ್ಳುತ್ತಾರೆ. ಗೊತ್ತಾದ ಜಾಗ, ಗೊತ್ತಾದ ದಿನಚರಿ, ಕೆಲಸಕ್ಕೊಂದು ಅರ್ಥ, ಮಾತಾಡಲು ನಾಲ್ಕು ಜನ. ಡೆಲಿವರಿ ಹುಡುಗರೂ ಹೀಗೇ ಮಾಡುತ್ತಾರೆ. ಅದೇ ಚಹಾ ಅಂಗಡಿ, ಅದೇ ಮೂಲೆ, ಅದೇ ಗೆಳೆಯರು.

ರೇಟಿಂಗ್ ಈ ಗುರುತಿನ ಪ್ರಶ್ನೆಯನ್ನು ಇನ್ನಷ್ಟು ಬಿಗಿಮಾಡುತ್ತದೆ. ವಿಮಾನದ ಪರಿಚಾರಿಕೆಯರನ್ನು ನೋಡಿ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ‘ಭಾವದ ದುಡಿಮೆ’ ಎಂಬ ಕಲ್ಪನೆ ಕೊಟ್ಟರು: ಒಳಗೆ ಇಲ್ಲದ ನಗುವನ್ನು ಹೊರಗೆ ತರುವುದೂ ಕೂಲಿಗೆ ಸೇರಿದ ಕೆಲಸ. ಹೋಟೆಲಿನವರು ತಡಮಾಡಿದ್ದಕ್ಕೆ, ಸಾಂಬಾರು ಚೆಲ್ಲಿದ್ದಕ್ಕೆ, ನಕಾಶೆ ತಪ್ಪು ತೋರಿಸಿದ್ದಕ್ಕೆ ಬೈಗುಳ ತಿನ್ನುವವನು ಬಾಗಿಲಲ್ಲಿ ನಿಂತವನೇ. ಅಲ್ಲಿ ನಗದಿದ್ದರೆ ನಕ್ಷತ್ರ ಒಂದು ಕಡಿಮೆಯಾಗುತ್ತದೆ.

ಒಲಿಸಿಕೊಂಡದ್ದು ಏನು

ಇಷ್ಟಿದ್ದೂ ಜನ ಈ ಕೆಲಸವನ್ನು ಆರಿಸಿಕೊಳ್ಳುತ್ತಾರೆ, ಅದಕ್ಕೆ ಬಡತನವೊಂದೇ ಕಾರಣವಲ್ಲ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತದಂತೆ ಮನಸ್ಸಿಗೆ ಬೇಕಾದವು ಮೂರು: ಸ್ವಂತ ಇಚ್ಛೆ, ಕೈಲಾಗುತ್ತದೆಂಬ ಭರವಸೆ, ನಂಟು. ಮೊದಲನೆಯದನ್ನು ಆ್ಯಪ್ ಕೊಡುತ್ತದೆ, ಅಥವಾ ಕೊಟ್ಟಂತೆ ತೋರಿಸುತ್ತದೆ. ಬಿತ್ತನೆಗೆ, ನಾಯಕನಹಟ್ಟಿಯ ತೇರಿಗೆ, ಅಕ್ಕನ ಮಗುವಿನ ನಾಮಕರಣಕ್ಕೆ ಊರಿಗೆ ಹೋಗಲು ಯಾರಿಗೂ ರಜೆಯ ಚೀಟಿ ಬರೆಯಬೇಕಿಲ್ಲ. ಗಾರ್ಮೆಂಟ್ಸ್‌ನ ಸೂಪರ್‌ವೈಸರ್, ತೋಟದ ಗೌಡರು, ಮೇಸ್ತ್ರಿ ಇವರ ಎದುರು ಕೈಕಟ್ಟಿ ನಿಂತ ಅನುಭವವಿದ್ದವನಿಗೆ ಇದು ಸಣ್ಣ ಸಂಗತಿಯಲ್ಲ. ತಲೆತಲಾಂತರದಿಂದ ಬೇರೆಯವರ ಹೊಲದಲ್ಲಿ ಜೀತದಂತೆ ದುಡಿದ ಮನೆತನಗಳ ಹುಡುಗರಿಗೆ, ಜಾತಿ ಕೇಳದೆ ಕೆಲಸ ಕೊಡುವ ಪರದೆ ಬಿಡುಗಡೆಯಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಇದನ್ನು ಭ್ರಮೆ ಎಂದು ತಳ್ಳಿಹಾಕುವ ವಿದ್ವಾಂಸರು ಆ ಹಳೆಯ ಅಂಗಳಗಳನ್ನು ಕಂಡವರಲ್ಲ.

ಮೂರನೆಯದು, ನಂಟು, ಇಲ್ಲಿ ಸೊರಗುತ್ತದೆ. ಹೊಲದ ಕೆಲಸದಲ್ಲಿ ಮುಯ್ಯಾಳು ಎಂಬ ಪದ್ಧತಿಯಿತ್ತು. ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಆ್ಯಪ್‌ನಲ್ಲಿ ಪಕ್ಕದ ಬೈಕಿನವನು ಪೈಪೋಟಿಗಾರ. ಆದರೂ ಮುಯ್ಯಿ ಸತ್ತಿಲ್ಲ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬದುಕಿದೆ. ರಾತ್ರಿ ಬೈಕು ಕೆಟ್ಟರೆ, ಅಪಘಾತವಾದರೆ, ಮೊದಲು ಬರುವವರು ಆ ಗುಂಪಿನವರೇ. ಬೆಂಗಳೂರಿನ ಆಟೋ ಚಾಲಕರ ಸಂಘದ ಬೆಂಬಲದಿಂದ 2022ರಲ್ಲಿ ಶುರುವಾದ ‘ನಮ್ಮ ಯಾತ್ರಿ’ ಆ್ಯಪ್, ಪ್ರತಿ ಬಾಡಿಗೆಗೂ ಕಮಿಷನ್ ಕತ್ತರಿಸುವ ಪದ್ಧತಿಯನ್ನು ಬಿಟ್ಟು ಚಾಲಕರಿಂದ ನಿಗದಿತ ಶುಲ್ಕ ಮಾತ್ರ ಪಡೆಯುವ ದಾರಿ ಹಿಡಿಯಿತು. ಎಷ್ಟು ಕಡಿತವಾಗುತ್ತದೆಂದು ಮೊದಲೇ ತಿಳಿದಿರುವುದು ಜೇಬಿಗಿಂತ ಹೆಚ್ಚಾಗಿ ಮನಸ್ಸಿಗೆ ಹಗುರ.

ಮನೆಯೊಳಗಿನ ಗಿಗ್

ಬೀದಿಯಲ್ಲಿ ಕಾಣದ ಗಿಗ್ ದುಡಿಮೆಯೂ ಇದೆ. ಮೇರಿ ಗ್ರೇ ಮತ್ತು ಸಿದ್ಧಾರ್ಥ್ ಸೂರಿ 2019ರ ಪುಸ್ತಕದಲ್ಲಿ ಇದನ್ನು ‘ಘೋಸ್ಟ್ ವರ್ಕ್’ ಎಂದರು. ಭಾರತದ ಮನೆಗಳಲ್ಲಿ ಹೀಗೆ ದುಡಿಯುವವರನ್ನೂ ಅವರು ಮಾತಾಡಿಸಿದ್ದರು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳ ಜನರಿಂದ ಕನ್ನಡ ವಾಕ್ಯಗಳನ್ನು ಓದಿಸಿ ರೆಕಾರ್ಡ್ ಮಾಡಿಸಿ, ಈ ಬಗೆಯ ಕೆಲಸಕ್ಕೆ ಸಾಮಾನ್ಯವಾಗಿ ಸಿಗುವುದಕ್ಕಿಂತ ಹೆಚ್ಚು ಹಣ ಕೊಟ್ಟಿದೆ. ಹೊರಗೆ ಹೋಗಲಾಗದ ಹೆಣ್ಣುಮಕ್ಕಳಿಗೆ ತಮ್ಮ ದನಿಗೆ, ತಮ್ಮೂರಿನ ಕನ್ನಡಕ್ಕೆ ಬೆಲೆಯಿದೆ ಎಂಬ ಅರಿವು ಹಣದಷ್ಟೇ ದೊಡ್ಡದು. ಆದರೆ ಒಂದು ಕೆಲಸ ಮುಗಿದು ಇನ್ನೊಂದು ಯಾವಾಗ ಬರುತ್ತದೆಂಬುದು ಇಲ್ಲಿಯೂ ಅವರ ಕೈಯಲ್ಲಿಲ್ಲ.

ಕಾನೂನು ಮತ್ತು ಮನಸ್ಸು

ಕರ್ನಾಟಕ ಸರ್ಕಾರ 2023ರಲ್ಲಿ ಗಿಗ್ ಕಾರ್ಮಿಕರಿಗೆ ಒಟ್ಟು 4 ಲಕ್ಷ ರೂಪಾಯಿಯ ಜೀವ ಮತ್ತು ಅಪಘಾತ ವಿಮೆ ಘೋಷಿಸಿತು. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆಗಸ್ಟ್‌ನಲ್ಲಿ ವಿಧಾನಮಂಡಲದ ಒಪ್ಪಿಗೆ ಪಡೆದ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯಿದೆ ಇನ್ನೂ ಮುಂದೆ ಹೋಯಿತು. ಕಾರ್ಮಿಕನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ಪಡೆಯಲು, ಅದಕ್ಕೊಂದು ಮಂಡಳಿ ರಚಿಸಲು ಅದು ಅವಕಾಶ ಮಾಡಿತು. ಈ ಲೇಖನದ ದೃಷ್ಟಿಯಿಂದ ಹೆಚ್ಚು ಮುಖ್ಯವಾದವು ಬೇರೆ ಎರಡು. ಕಾರಣವನ್ನು ಬರಹದಲ್ಲಿ ಕೊಟ್ಟು, 14 ದಿನ ಮೊದಲೇ ತಿಳಿಸದೆ ಕೆಲಸದಿಂದ ತೆಗೆಯುವಂತಿಲ್ಲ. ಕೆಲಸ ಹಂಚುವ, ರೇಟಿಂಗ್ ಕೊಡುವ ಯಾಂತ್ರಿಕ ವ್ಯವಸ್ಥೆ ಹೇಗೆ ನಡೆಯುತ್ತದೆಂಬುದನ್ನು ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಮೋಡದಂತೆ ಕಾಣುತ್ತಿದ್ದುದರ ಹಿಂದೆ ಉತ್ತರ ಹೇಳಬೇಕಾದವರು ಇದ್ದಾರೆಂದು ಕಾನೂನು ಒಪ್ಪಿಕೊಂಡ ಗಳಿಗೆ ಇದು.

ಕಾಯುವ ಹೊತ್ತಿನ ಪ್ರಶ್ನೆಗೆ ಹೊರದೇಶಗಳ ಕೆಲವು ತೀರ್ಪು, ನಿಯಮಗಳು ಇನ್ನಷ್ಟು ನೇರವಾಗಿ ಉತ್ತರಿಸಿವೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರ ಪ್ರಕರಣದಲ್ಲಿ, ತನ್ನ ಪ್ರದೇಶದಲ್ಲಿ ಆ್ಯಪ್ ತೆರೆದು ಬಾಡಿಗೆಗೆ ಸಿದ್ಧನಾಗಿ ಕಾಯುವ ಸಮಯವೂ ಕೆಲಸದ ಸಮಯವೇ ಎಂದಿತು. ನ್ಯೂಯಾರ್ಕ್ ನಗರ 2019ರಿಂದ ಕ್ಯಾಬ್ ಚಾಲಕರ ಕನಿಷ್ಠ ದರ ಕಟ್ಟುವಾಗ ಖಾಲಿ ಕಾಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಕರ್ನಾಟಕದ ಕಲ್ಯಾಣ ಶುಲ್ಕ ಹುಟ್ಟುವುದು ಪಾವತಿಯಾದ ಕೆಲಸದಿಂದ. ಹೋಟೆಲ್ ಮುಂದೆ ಕಳೆದ ಮಧ್ಯಾಹ್ನ ಅದರ ಲೆಕ್ಕದಲ್ಲೂ ‘ಮಾಡಿದ್ದು’ ಆಗುವುದಿಲ್ಲ.

ನೆರವಿನ ದಾರಿಗಳು

ಮನಸ್ಸಿನ ಕಾಯಿಲೆಗೆ ಹಳ್ಳಿ, ತಾಲ್ಲೂಕು ಮಟ್ಟದಲ್ಲೇ ಚಿಕಿತ್ಸೆ ಸಿಗಬೇಕೆಂಬ ಪ್ರಯೋಗಕ್ಕೆ ಚಿತ್ರದುರ್ಗದ ನೆರೆಯ ಬಳ್ಳಾರಿಯೇ ತವರು. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ದಿನದ ಹೊತ್ತಿನಲ್ಲಿ ಆಸ್ಪತ್ರೆಯ ಸಾಲಿನಲ್ಲಿ ನಿಂತರೆ ಲಾಗಿನ್ ತಪ್ಪುತ್ತದೆ, ಇನ್ಸೆಂಟಿವ್ ಹೋಗುತ್ತದೆ. ಗಿಗ್ ಕಾರ್ಮಿಕರು ಬಾರದಿರುವುದಕ್ಕೆ ನಾಚಿಕೆಯಷ್ಟೇ ಇದೂ ಕಾರಣ. ಅವರ ದಿನಚರಿಗೆ ಹೆಚ್ಚು ಹೊಂದುವುದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿ. 14416ಕ್ಕೆ ಕರೆ ಮಾಡಿದರೆ ದುಡ್ಡಿಲ್ಲ, ಹಗಲು ರಾತ್ರಿಯ ಭೇದವಿಲ್ಲ. ರಾತ್ರಿ ಊಟದ ಆರ್ಡರುಗಳೆಲ್ಲ ಮುಗಿದು, ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದ ಮೇಲೂ ಆ ಕಡೆಯಿಂದ ಕನ್ನಡದಲ್ಲಿ ‘ಹೇಳಿ’ ಎನ್ನುವ ಒಬ್ಬ ಮನುಷ್ಯರು ಸಿಗುತ್ತಾರೆ.